ಆಹ್ವಾನವೂ ಆತಿಥ್ಯವೂ

(ಕುಷಾಯಿಗೂಡದಲ್ಲಿ ಸೇರಿದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂದರ್ಭದಲ್ಲಿ ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಅವರು ನಮಗಿಂತ ಚೆನ್ನಾಗಿ ಮಾತನಾಡಬಲ್ಲರು. ಆದುದರಿಂದ ನಾವು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ದೇಶದೇಶಗಳ ವಿದ್ವಾಂಸರನ್ನೂ ವೃತ್ತಿಬಾಂಧವರನ್ನೂ ನಮ್ಮ ಊರಿಗೆ ಕರೆದು ಮಹಾಧಿವೇಶನವೊಂದನ್ನು ನಡೆಸಬೇಕಾದರೆ ಏನೇನು ಮಾಡಬೇಕಾಗುತ್ತದೆ ಎಂಬುದೇ ಆ ವಿಷಯ. ಇದಕ್ಕೂ ರಾಜ್ಯೋತ್ಸವಕ್ಕೂ ಏನು ಸಂಬಂಧವೆಂದು ಕೆಲವರು ಹುಬ್ಬೇರಿಸಬಹುದು. ಸಂಬಂಧವುಂಟು, ಕಡೆಯಲ್ಲಿ ಅದನ್ನು ಅರಿಕೆ ಮಾಡುತ್ತೇವೆ.

ಹದಿನೈದು ದಿನಗಳ ಹಿಂದೆ ನಮ್ಮ ಸದಸ್ಯರೊಬ್ಬರ ಮಗಳು ನಮ್ಮ ಮನೆಗೆ ಬಂದಿದ್ದಳು. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಓದಿ, ಒಳ್ಳೆಯ ಉದ್ಯೋಗದಲ್ಲಿರುವ ಹುಡುಗಿ. ಅವಳ ವೃತ್ತಿಯವರ ಜಾಗತಿಕ ಮಹಾಧಿವೇಶನವನ್ನು ಹೈದರಾಬಾದಿಗೆ ಕರೆಯಬೇಕೆಂದು ಅವಳ ಸಂಗಡಿಗರು ಯೋಚಿಸಿದ್ದಾರೆ. ಆಹ್ವಾನಪತ್ರದ ಕರಡನ್ನು ಬರೆಯುವ ಕೆಲಸ ಅವಳ ಪಾಲಿಗೆ ಬಂದಿದೆ. ಈಗಿನವರು ಅದನ್ನು ‘ಬಿಡ್’ ಎನ್ನುತ್ತಾರೆ. “ಕಾಕಾ, ಹೈದರಾಬಾದ್ ಎಷ್ಟು ಛಲೋ ಊರು ಅಂತ ನಾಕು ಪುಟ ಬರದೀನ್ರಿ. ಚಾರ್‌ಮಿನಾರ್, ಗೋಲ್ಕೊಂಡಾ, ಬಿರ್ಯಾನಿ ಎಲ್ಲಾ ಅದರಾಗ ಅದಾವ. ಆದ್ರ ಅವರು ಕೇಳಿದ್ದಕ್ಕ ಜವಾಬು ಮಾತ್ರ ಇಲ್ರಿ” ಎಂದಳು. ಅವರು ಏನು ಕೇಳಿದ್ದಾರೆಂದು ವಿಚಾರಿಸಿದೆವು. ಮೊದಲನೆಯ ಪ್ರಶ್ನೆಯೇ ಇದು: ನಷ್ಟವಾದರೆ ಹೊರುವವರು ಯಾರು?

ಈ ಪ್ರಶ್ನೆಯನ್ನು ಕೇಳಿ ನಮ್ಮ ತಲೆ ತಗ್ಗಿತು. ಏಕೆಂದರೆ ಅದನ್ನು ನಾವು ನಮಗೇ ಕೇಳಿಕೊಳ್ಳದೆ ಒಮ್ಮೆ ಮಾತು ಕೊಟ್ಟು ಮಾತಿಗೆ ತಪ್ಪಿದವರು. ಇಲ್ಲಿರುವ ಹಿರಿಯರಿಗೆ ಆ ಸಂಗತಿ ಗೊತ್ತು. ಕಿರಿಯರಿಗೂ ಗೊತ್ತಾಗಲೆಂದು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಹೊರನಾಡ ಕನ್ನಡ ಸಂಘಗಳ ಕೂಟವೊಂದಕ್ಕೆ ನಾವು ಆರು ಜನ ಹೋಗಿದ್ದೆವು. ಎರಡು ದಿನ ಒಳ್ಳೆಯ ಊಟ, ಒಳ್ಳೆಯ ಮಾತು, ಒಳ್ಳೆಯ ಹಾಡು. ಮುಂದಿನ ವರ್ಷ ಎಲ್ಲಿ ಎಂಬ ಪ್ರಶ್ನೆ ವೇದಿಕೆಯಿಂದ ಬಂದಾಗ, ಯಾರೂ ಏಳದಿರುವುದನ್ನು ಕಂಡು, ನಾವೇ ಎದ್ದು “ಹೈದರಾಬಾದಿಗೆ ಬನ್ನಿ” ಎಂದುಬಿಟ್ಟೆವು. ಕರತಾಡನವಾಯಿತು. ನಮಗೊಂದು ಶಾಲು ಹೊದಿಸಿದರು. ಮರಳುವಾಗ ರೈಲಿನಲ್ಲಿ ನಮ್ಮ ಖಜಾಂಚಿಗಳು “ಎಷ್ಟು ಜನ ಬರಬಹುದು?” ಎಂದು ಕೇಳಿದರು. ಆರು ಜನರೂ ಆರು ಲೆಕ್ಕ ಹೇಳಿದೆವು.

ಊರಿಗೆ ಬಂದು ನೋಡಿದರೆ, ನಾವು ಹೇಳಿಬಂದಿದ್ದ ದಿನಗಳು ಮದುವೆಯ ಮುಹೂರ್ತದ ದಿನಗಳು. ಫಂಕ್ಷನ್ ಹಾಲುಗಳೆಲ್ಲ ಮೊದಲೇ ಹೋಗಿದ್ದವು. ಉಳಿದ ಒಂದೆರಡರಲ್ಲಿ ಮುಂಗಡ ಕೇಳಿದರು. ಸಂಘದ ಪೆಟ್ಟಿಗೆಯಲ್ಲಿ ಅಷ್ಟು ಹಣವಿರಲಿಲ್ಲ. ಕೊಡುತ್ತೇವೆಂದು ತಲೆಯಾಡಿಸಿದ್ದವರು, ಈಗ ಕೈ ಬಿಗಿಯಾಗಿದೆ ಎಂದರು. ಐದನೆಯ ತಿಂಗಳಲ್ಲಿ ಕ್ಷಮಾಪಣೆಯ ಪತ್ರ ಬರೆದೆವು. ಬೇರೊಂದು ಊರಿನ ಕನ್ನಡಿಗರು, ನಮಗಿಂತ ಸಣ್ಣ ಸಂಘದವರು, ಅವಸರದಲ್ಲಿ ಆ ಭಾರವನ್ನು ಹೊತ್ತು ನಡೆಸಿಕೊಟ್ಟರು. ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಆ ಶಾಲು ಇಂದಿಗೂ ಕಪಾಟಿನಲ್ಲಿದೆ. ಹೊದೆಯಲು ಮನಸ್ಸು ಬಂದಿಲ್ಲ.

ಇದೇ ಹೈದರಾಬಾದಿನಲ್ಲಿ 1941ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿತ್ತೆಂಬುದನ್ನು ನೆನೆದರೆ ನಮ್ಮ ತಪ್ಪು ಇನ್ನೂ ದೊಡ್ಡದಾಗಿ ಕಾಣುತ್ತದೆ. ಎ. ಆರ್. ಕೃಷ್ಣಶಾಸ್ತ್ರಿಗಳು ಆ ಸಮ್ಮೇಳನದ ಅಧ್ಯಕ್ಷರು. ಆಗ ಇದು ನಿಜಾಮರ ರಾಜಧಾನಿ. ಆಡಳಿತದ ಭಾಷೆ ಉರ್ದು. ಅಂಥ ಕಾಲದಲ್ಲಿ ಇಲ್ಲಿಯ ಕನ್ನಡಿಗರು ಕರೆದರು, ನಡೆಸಿದರು. ನಮಗೆ ಅವರಿಗಿಂತ ಅನುಕೂಲ ಹೆಚ್ಚಿತ್ತು, ಲೆಕ್ಕಾಚಾರ ಕಡಿಮೆಯಾಯಿತು.

ಇನ್ನು ದೊಡ್ಡ ಅಧಿವೇಶನಗಳ ಮಾತಿಗೆ ಬರೋಣ. ವೃತ್ತಿಯವರ ಜಾಗತಿಕ ಅಧಿವೇಶನವೆಂದರೆ ಜಾತ್ರೆಯಲ್ಲ. ಜಾತ್ರೆಗೆ ಊರು ಗೊತ್ತು, ತಿಥಿ ಗೊತ್ತು. ಅಧಿವೇಶನವಾದರೋ ಊರಿಂದೂರಿಗೆ ಹೋಗುವಂಥದು. ಎಲ್ಲಿಗೆ ಹೋಗಬೇಕೆಂಬುದನ್ನು ಅನೇಕ ವರ್ಷಗಳ ಮೊದಲೇ ನಿಶ್ಚಯಿಸುತ್ತಾರೆ. ನಮ್ಮ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಗಣಿತಜ್ಞರ ಅಂತರರಾಷ್ಟ್ರೀಯ ಮಹಾಧಿವೇಶನ ಮೊದಲು ಸೇರಿದ್ದು 1897ರಲ್ಲಿ, ಜೂರಿಕ್ ನಗರದಲ್ಲಿ. ಸಾಮಾನ್ಯವಾಗಿ ನಾಲ್ಕು ವರ್ಷಗಳಿಗೊಮ್ಮೆ ಸೇರುತ್ತದೆ. ಏಷ್ಯಾ ಖಂಡಕ್ಕೆ ಅದು ಮೊದಲು ಬಂದುದು 1990ರಲ್ಲಿ ಕ್ಯೋಟೋಗೆ, ಆಮೇಲೆ 2002ರಲ್ಲಿ ಬೀಜಿಂಗಿಗೆ. ಮೂರನೆಯ ಬಾರಿ 2010ರ ಆಗಸ್ಟ್ 19ರಿಂದ 27ರವರೆಗೆ ನಮ್ಮ ಹೈದರಾಬಾದಿಗೆ.

ಅದು ಹೈದರಾಬಾದಿಗೆ ಬರುವುದು ನಿಶ್ಚಯವಾದದ್ದು 2006ರಲ್ಲಿ, ಸ್ಪೇನ್ ದೇಶದ ಸಾಂಟಿಯಾಗೊ ದೆ ಕಾಂಪೊಸ್ಟೆಲಾ ಎಂಬ ಊರಿನಲ್ಲಿ ಕೂಡಿದ ಗಣಿತ ಒಕ್ಕೂಟದ ಮಹಾಸಭೆಯಲ್ಲಿ. ಆಹ್ವಾನಗಳನ್ನು ಮೊದಲು ಒಕ್ಕೂಟದ ಸಮಿತಿಯವರು ಪರಿಶೀಲಿಸುತ್ತಾರೆ. ಬಳಿಕ ಸದಸ್ಯರಾಷ್ಟ್ರಗಳ ಪ್ರತಿನಿಧಿಗಳು ಒಪ್ಪಿಗೆ ಕೊಡುತ್ತಾರೆ. ಕನ್ನಡಿಗರಾದ ನಮಗೆ ಸಂತೋಷದ ಮಾತೊಂದುಂಟು. 2010ರಲ್ಲಿ ಅಧಿವೇಶನಕ್ಕೆ ಮುಂಚೆ ಆ ಒಕ್ಕೂಟದ ಮಹಾಸಭೆ ಆಗಸ್ಟ್ 16 ಮತ್ತು 17ರಂದು ಕೂಡಿದ್ದು ಬೆಂಗಳೂರಿನಲ್ಲಿ. ಬೆಲ್ಜಿಯಂ ಮೂಲದ ಇಂಗ್ರಿಡ್ ಡೊಬೆಶಿ ಎಂಬ ವಿದುಷಿಯನ್ನು ಒಕ್ಕೂಟದ ಪ್ರಥಮ ಮಹಿಳಾ ಅಧ್ಯಕ್ಷೆಯನ್ನಾಗಿ ಆರಿಸಿದ್ದು ಅಲ್ಲಿ; 2014ರ ಅಧಿವೇಶನ ಕೊರಿಯಾದ ಸೋಲ್ ನಗರಕ್ಕೆ ಎಂದು ಒಪ್ಪಿದ್ದೂ ಅಲ್ಲಿಯೇ.

2006ರಲ್ಲಿ ಹೈದರಾಬಾದು ಏನನ್ನು ತೋರಿಸಿ ಕರೆಯಬಹುದಾಗಿತ್ತು? ಮಾದಾಪುರದ ಕಡೆಯ ಹೊಸ ಸಭಾಭವನ, ಎಚ್‌ಐಸಿಸಿ, ಆ ವರ್ಷದ ಆರಂಭದಲ್ಲಿ ತಾನೇ ಬಳಕೆಗೆ ಬಂದಿತ್ತು. ಜನವರಿಯಲ್ಲಿ ಅಲ್ಲಿ ಪ್ರವಾಸಿ ಭಾರತೀಯ ದಿವಸ ನಡೆಯಿತು; ಮೇ ತಿಂಗಳಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ವಾರ್ಷಿಕ ಸಭೆ ನಡೆಯಿತು. ಸುಮಾರು ಐದು ಸಾವಿರ ಜನ ಕೂರುವ, ನಡುವೆ ಕಂಬಗಳಿಲ್ಲದ ಸಭಾಂಗಣ ಅಲ್ಲಿದೆ. ಆದರೆ ವಿಮಾನ ನಿಲ್ದಾಣ? ಶಂಷಾಬಾದಿನ ನಿಲ್ದಾಣ ಆಗ ಇನ್ನೂ ಕಟ್ಟಡದ ಕೆಲಸದಲ್ಲಿತ್ತು. ವಿಮಾನಗಳು ಅಲ್ಲಿ ಇಳಿಯತೊಡಗಿದ್ದು 2008ರ ಮಾರ್ಚಿಯಲ್ಲಿ. ಅಂದರೆ ಅತಿಥಿಗಳನ್ನು ಕರೆದಾಗ ಅವರು ಇಳಿಯುವ ಬಾಗಿಲೇ ಇನ್ನೂ ನಿಂತಿರಲಿಲ್ಲ. ಆಹ್ವಾನವೆಂಬುದು ನಾಲ್ಕು ವರ್ಷ ಆಚೆಯ ಊರನ್ನು ಕುರಿತು ಇಂದು ಕೊಡುವ ಮಾತು. ಅಂಥ ಮಾತು ನಿಲ್ಲಬೇಕಾದರೆ ಕೊಡುವವರ ಮೇಲೆ ಕೇಳುವವರಿಗೆ ನಂಬಿಕೆಯಿರಬೇಕು.

ಆ ನಂಬಿಕೆ ಆಹ್ವಾನಪತ್ರದಿಂದ ಹುಟ್ಟುವುದಿಲ್ಲ. ಅದಕ್ಕೂ ಬಹಳ ಮುಂಚೆ, ಸಂಘದ ದಿನನಿತ್ಯದ ಕೆಲಸದಲ್ಲಿ ಹುಟ್ಟುತ್ತದೆ. ಬಾಹ್ಯಾಕಾಶ ವಿಜ್ಞಾನಿಗಳ 39ನೆಯ ಅಂತರರಾಷ್ಟ್ರೀಯ ಅಧಿವೇಶನ 1988ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು. ಅವರು 1984ರಿಂದ 1992ರವರೆಗೆ ಆ ಅಂತರರಾಷ್ಟ್ರೀಯ ಬಾಹ್ಯಾಕಾಶ ಒಕ್ಕೂಟದ ಉಪಾಧ್ಯಕ್ಷರೂ ಆಗಿದ್ದರು. ಹೊರಗಿನವರಾಗಿ ಬಾಗಿಲು ತಟ್ಟಿ ಕೇಳುವುದು ಒಂದು. ಮನೆಯವರಾಗಿ ಪಂಕ್ತಿಯಲ್ಲಿ ಕುಳಿತು ಕರೆಯುವುದು ಇನ್ನೊಂದು. ಅದೇ ಅಧಿವೇಶನ, 58ನೆಯದು, 2007ರ ಸೆಪ್ಟೆಂಬರ್ 24ರಿಂದ 28ರವರೆಗೆ ಹೈದರಾಬಾದಿನಲ್ಲಿ ಕೂಡಿತು. ಆ ಅತಿಥಿಗಳು ಇಳಿದದ್ದು ಹಳೆಯ ಬೇಗಂಪೇಟೆಯಲ್ಲಿ.

ನಮ್ಮ ಕುಷಾಯಿಗೂಡ ಆ ಸಭಾಭವನಕ್ಕೆ ನಗರದ ಇನ್ನೊಂದು ತುದಿಯಲ್ಲಿದೆ. ದೊಡ್ಡವರ ಸಭೆಗೂ ನಮಗೂ ಏನು ಎಂದು ಯಾರೂ ಅನ್ನಬೇಕಾಗಿಲ್ಲ. ನಮ್ಮ ಮಗ್ಗುಲಲ್ಲಿರುವ ಇಸಿಐಎಲ್ ಕಾರ್ಖಾನೆ 1967ರಲ್ಲಿ ಹುಟ್ಟಿತು. ಚಂದ್ರಯಾನ-1ರ ಮಾತನ್ನು ಕೇಳಲೆಂದು ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ 2008ರಲ್ಲಿ ಎದ್ದುನಿಂತ 32 ಮೀಟರ್ ವ್ಯಾಸದ ಆಂಟೆನಾವನ್ನು ನಿರ್ಮಿಸಿಕೊಟ್ಟವರು ಇಸಿಐಎಲ್‌ನವರು. ಹೈದರಾಬಾದಿನ ಆ ಅಧಿವೇಶನ ಮುಗಿದ ಮರುವರ್ಷದ ಮಾತಿದು. ಊರೊಂದು ವಿಜ್ಞಾನಿಗಳನ್ನು ಕರೆಯುವ ಯೋಗ್ಯತೆ ಪಡೆಯುವುದು ಇಂಥ ಕೆಲಸದಿಂದ. ಪಾಳಿಯ ಕೆಲಸ ಮುಗಿಸಿ ಸೈಕಲ್ಲಿನ ಮೇಲೆ ಮನೆಗೆ ಬರುತ್ತಿದ್ದ ಫಿಟ್ಟರನೂ, ವೆಲ್ಡರನೂ ಆ ಯೋಗ್ಯತೆಗೆ ಪಾಲುದಾರರು.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಹಣದ ಲೆಕ್ಕ ಕಷ್ಟವಾದದ್ದಲ್ಲ, ಆದರೆ ನಿಷ್ಠುರವಾದದ್ದು. ಖರ್ಚಿನಲ್ಲಿ ಎರಡು ಬಗೆ. ಹತ್ತು ಜನ ಬಂದರೂ ಸಾವಿರ ಜನ ಬಂದರೂ ತಪ್ಪದ ಖರ್ಚು ಒಂದು: ಸಭಾಂಗಣದ ಬಾಡಿಗೆ, ಕಚೇರಿ, ಅಚ್ಚು, ಆಹ್ವಾನಿತ ಉಪನ್ಯಾಸಕರ ಪ್ರಯಾಣ. ತಲೆಯೆಣಿಕೆಯಂತೆ ಏರುವ ಖರ್ಚು ಇನ್ನೊಂದು: ಊಟ, ಚಹಾ, ಚೀಲ, ಬಸ್ಸು. ತಿಳಿಯುವುದಕ್ಕಾಗಿ ಒಂದು ಲೆಕ್ಕ ಹಾಕೋಣ. ತಪ್ಪದ ಖರ್ಚು 60 ಲಕ್ಷ ರೂಪಾಯಿ ಎನ್ನಿ, ಒಬ್ಬೊಬ್ಬರಿಗೆ ತಗಲುವುದು 4000, ಶುಲ್ಕ 10,000. ಒಬ್ಬರಿಂದ ಉಳಿಯುವುದು 6000. ಆಗ 1000 ಜನ ಬಂದರೆ ಜಮೆಗೆ ಖರ್ಚು ಸಮ. 800 ಜನ ಮಾತ್ರ ಬಂದರೆ 12 ಲಕ್ಷ ನಷ್ಟ. ಬರುವವರು ಹೆಚ್ಚೆಂದು ಬರೆದರೆ ಕಾಗದ ಸುಂದರವಾಗುತ್ತದೆ. ಕಡಿಮೆಯೆಂದು ಬರೆದರೆ ರಾತ್ರಿ ನಿದ್ರೆ ಬರುತ್ತದೆ. ಹನ್ನೆರಡು ಲಕ್ಷದ ಆ ಸಾಲಿನ ಮುಂದೆ ಯಾರ ಹೆಸರು, ಯಾರ ಸಹಿ ಎಂಬುದನ್ನು ನಿಶ್ಚಯಿಸದೆ ಕರೆಯಬಾರದು. ನಾವು ಹಾಗೆ ಕರೆದೇ ಕೆಟ್ಟೆವು.

ಎರಡನೆಯ ಪ್ರಶ್ನೆ ಬಾಗಿಲಿನದು. ಅಂತರರಾಷ್ಟ್ರೀಯ ಸಂಘಗಳು ಒಂದು ನಿಯಮವನ್ನು ಬಿಗಿಯಾಗಿ ಕೇಳುತ್ತವೆ: ಯಾವ ದೇಶದ ಸದಸ್ಯನಾದರೂ ಬರುವುದಕ್ಕೆ ಅಡ್ಡಿಯಾಗಬಾರದು. ನಮ್ಮ ದೇಶದಲ್ಲಿ ಇಂಥ ಸಭೆಗಳಿಗೆ ವಿದೇಶಾಂಗ ಮತ್ತು ಗೃಹ ಮಂತ್ರಾಲಯಗಳ ಅನುಮತಿಯ ವ್ಯವಸ್ಥೆಯಿದೆ. ಹೊರದೇಶದವರಿಗೆ ಕಾನ್ಫರೆನ್ಸ್ ವೀಸಾ ಎಂಬುದೇ ಬೇರೆ ಇದೆ. ಈ ಕಾಗದಗಳು ಕಡೆಯ ತಿಂಗಳಲ್ಲಿ ಓಡಾಡಿ ತರುವಂಥವಲ್ಲ. ಚಾರ್‌ಮಿನಾರಿನ ಚಿತ್ರಕ್ಕಿಂತ ಈ ಕಾಗದಗಳಿಗೆ ಓಡಾಡುವವನ ಹೆಸರು ಆಹ್ವಾನಪತ್ರದಲ್ಲಿ ಹೆಚ್ಚು ತೂಕದ್ದು.

ಮೂರನೆಯದು ನಮ್ಮ ಕೈಯಲ್ಲಿಲ್ಲದ ಸಂಗತಿ. ಗಣಿತಜ್ಞರು 1982ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಕೂಡಬೇಕಾಗಿತ್ತು. ಅಲ್ಲಿ ಸೈನಿಕ ಶಾಸನ ಬಂದಿತು; ಸಭೆ ಒಂದು ವರ್ಷ ಮುಂದೆ ಹೋಗಿ 1983ರಲ್ಲಿ ಕೂಡಿತು. 2022ರ ಅಧಿವೇಶನವನ್ನು ಕರೆಯಲು ಪ್ಯಾರಿಸ್ ನಗರವೂ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರವೂ ಮುಂದೆ ಬಂದಿದ್ದವು. 2018ರ ಮಹಾಸಭೆ ಪೀಟರ್ಸ್‌ಬರ್ಗನ್ನು ಆರಿಸಿತು. 2022ರಲ್ಲಿ ರಷ್ಯಾ ಯುಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಉಪನ್ಯಾಸಗಳೆಲ್ಲ ಅಂತರ್ಜಾಲದಲ್ಲಿ ನಡೆದವು; ಬಹುಮಾನಗಳನ್ನು ಕೊಟ್ಟದ್ದು ಹೆಲ್ಸಿಂಕಿಯಲ್ಲಿ. ಪೀಟರ್ಸ್‌ಬರ್ಗಿನಲ್ಲಿ ನಾಲ್ಕು ವರ್ಷ ದುಡಿದವರ ಸಭಾಂಗಣ ಬರಿದಾಗಿ ಉಳಿಯಿತು.

ನಮ್ಮಲ್ಲಿಯೂ ಆತಂಕ ಬಾರದೆ ಇರಲಿಲ್ಲ. 2009ರ ಡಿಸೆಂಬರಿನ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಪ್ರತ್ಯೇಕ ರಾಜ್ಯದ ಚಳವಳಿ ತೀವ್ರವಾಗಿತ್ತು. ಬಂದ್ ಎಂದರೆ ಇಸಿಐಎಲ್ ಚೌರಸ್ತೆಯಲ್ಲಿ ಬಸ್ಸಿಲ್ಲ, ಅಂಗಡಿಯಿಲ್ಲ. ಎಂಟು ತಿಂಗಳಲ್ಲಿ ಜಗತ್ತಿನ ಗಣಿತಜ್ಞರು ಇದೇ ನಗರಕ್ಕೆ ಬರಬೇಕಾಗಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಹೆಸರಾದ ಎಂ. ಎಸ್. ರಘುನಾಥನ್ ಅವರು ಸಂಘಟನಾ ಸಮಿತಿಯ ಅಧ್ಯಕ್ಷರು. ಹೈದರಾಬಾದ್ ವಿಶ್ವವಿದ್ಯಾಲಯದ ರಜತ್ ಟಂಡನ್ ಅವರು ಕಾರ್ಯದರ್ಶಿಗಳು. ಕೊಟ್ಟ ಮಾತು ನಿಂತಿತು. ಸುಮಾರು 3000 ಜನ ಸೇರಿದರು. ರಾಷ್ಟ್ರಪತಿ ಪ್ರತಿಭಾ ಪಾಟೀಲರು ಆಗಸ್ಟ್ 19ರಂದು ಅಧಿವೇಶನವನ್ನು ಉದ್ಘಾಟಿಸಿದರು. ಗಣಿತದ ಅತ್ಯುಚ್ಚ ಗೌರವವೆನಿಸಿದ ಫೀಲ್ಡ್ಸ್ ಪದಕ ಆ ದಿನ ನಾಲ್ವರಿಗೆ ಸಂದಿತು: ಎಲಾನ್ ಲಿಂಡೆನ್‌ಸ್ಟ್ರಾಸ್, ನ್ಗೊ ಬಾವೊ ಚಾವ್, ಸ್ಟಾನಿಸ್ಲಾವ್ ಸ್ಮಿರ್ನೊವ್, ಸೆದ್ರಿಕ್ ವಿಲ್ಲಾನಿ. ಈ ಪೈಕಿ ಚಾವ್ ವಿಯೆಟ್ನಾಮಿನಿಂದ ಆ ಪದಕ ಪಡೆದವರಲ್ಲಿ ಮೊದಲಿಗರು.

ಸಭೆ ಮುಗಿದ ಮೇಲೆ ಉಳಿಯುವುದೇನು? ಹುಡುಗಿಗೆ ನಾವು ಹೇಳಿದ ಮುಖ್ಯವಾದ ಮಾತು ಇದು: ಆಹ್ವಾನಪತ್ರದ ಕಡೆಯ ಪುಟದಿಂದ ಬರೆಯತೊಡಗು. ಬಂದವರು ಹೋದ ಮೇಲೆ ಊರಿನಲ್ಲಿ ಏನು ಉಳಿಯಬೇಕು ಎಂಬುದನ್ನು ಮೊದಲು ಬರೆ; ಸಭಾಂಗಣ, ಹೋಟೆಲು ಆಮೇಲೆ. 2010ರಲ್ಲಿ ಮುಖ್ಯ ಸಭೆಗೆ ಎರಡು ದಿನ ಮುಂಚೆ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಗಣಿತ ವಿದುಷಿಯರ ಅಂತರರಾಷ್ಟ್ರೀಯ ಸಮ್ಮೇಳನ ಕೂಡಿತು. ಮುಖ್ಯ ಸಭೆಯ ಹಿಂದೆಮುಂದೆ ದೇಶದ ಬೇರೆಬೇರೆ ಊರುಗಳಲ್ಲಿ ಸಣ್ಣ ಸಭೆಗಳು ನಡೆದವು. ಆದ್ದರಿಂದ ಹೈದರಾಬಾದಿಗೆ ಬರಲಾಗದ ವಿದ್ಯಾರ್ಥಿಯ ಹತ್ತಿರಕ್ಕೆ ವಿದ್ವಾಂಸರೇ ಹೋದಂತಾಯಿತು. ವಿಶ್ವನಾಥನ್ ಆನಂದ್ ಒಂದು ದಿನ ನಲವತ್ತು ಮಂದಿಯೊಡನೆ ಏಕಕಾಲಕ್ಕೆ ಚದುರಂಗವಾಡಿದರು. ಹದಿನಾಲ್ಕು ವರ್ಷದ ಹುಡುಗನೊಬ್ಬ ಅವರೊಡನೆ ಸಮ ಮಾಡಿಕೊಂಡ. ಆ ಹುಡುಗ ಆ ದಿನವನ್ನು ಮರೆಯುವನೆ?

ಇನ್ನೊಂದು ಉಳಿಕೆಯೂ ಉಂಟು. ಗಣಿತವನ್ನು ಜನಸಾಮಾನ್ಯರಿಗೆ ತಿಳಿಯಹೇಳುವವರಿಗೆ ಕೊಡುವ ‘ಲೀಲಾವತಿ’ ಬಹುಮಾನ ಆರಂಭವಾದದ್ದು ಹೈದರಾಬಾದಿನ ಆ ಅಧಿವೇಶನದಲ್ಲಿ. ಮೊದಲು ಪಡೆದವರು ಲೇಖಕ ಸೈಮನ್ ಸಿಂಗ್. ಹೆಸರು ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರ ಗ್ರಂಥದ್ದು. ಸೋಲ್, ರಿಯೊ ನಗರಗಳಲ್ಲಿ ಮುಂದೆ ನಡೆದ ಅಧಿವೇಶನಗಳಲ್ಲಿಯೂ ಆ ಹೆಸರು ಕೇಳಿಸಿತು. ಸೋಲ್ ನಗರದವರು 2014ರಲ್ಲಿ ಹಿಂದುಳಿದ ದೇಶಗಳ ಸಾವಿರ ಗಣಿತಜ್ಞರಿಗೆ ನೆರವು ಕೊಟ್ಟು ಕರೆಸಿಕೊಳ್ಳುವ ಯೋಜನೆ ಮಾಡಿದರು. ಶ್ರೀಮಂತ ಅತಿಥಿಯನ್ನು ಕರೆಯುವುದು ವ್ಯವಹಾರ. ಬರಲಾಗದವನಿಗೆ ಟಿಕೆಟ್ಟು ಕಳಿಸುವುದು ಆತಿಥ್ಯ.

ನಮ್ಮಲ್ಲಿ ಕಲಬುರಗಿಯ ಕಡೆಗೆ ಹೋಗುವವರು ರೈಲಿನಲ್ಲಿ ತಾಂಡೂರು, ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣವನ್ನು ನೋಡಿದ್ದೀರಿ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು, ‘ಕವಿರಾಜಮಾರ್ಗ’ ಹುಟ್ಟಿದ್ದೂ ಆ ಆಸ್ಥಾನದಲ್ಲಿಯೇ. ವಿದ್ವಾಂಸರಿಗೆ ಇಂಬು ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ಆದರೆ ಪೂರ್ವಿಕರ ಹೆಸರು ಹೇಳಿದ ಮಾತ್ರಕ್ಕೆ ಸಭಾಂಗಣದ ಬಾಡಿಗೆ ಸಂದಾಯವಾಗುವುದಿಲ್ಲ.

ಮೊದಲಿಗೆ ಸಂಬಂಧದ ಮಾತನ್ನು ಕಡೆಗೆ ಹೇಳುತ್ತೇವೆಂದಿದ್ದೆವು. ನಾವು ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದವರು. ಊರು ನಮ್ಮನ್ನು ಅತಿಥಿಗಳಂತೆ ಇಟ್ಟುಕೊಂಡಿತು. ನಮ್ಮ ಮಕ್ಕಳ ಕಾಲಕ್ಕೆ ಅವರೇ ಇಲ್ಲಿ ನಿಂತು ಜಗತ್ತನ್ನು “ನಮ್ಮ ಊರಿಗೆ ಬನ್ನಿ” ಎಂದು ಕರೆಯುತ್ತಿದ್ದಾರೆ. ವಲಸೆ ಬಂದ ಮನೆತನವೊಂದು ಊರಿನದಾಯಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆ ಮಕ್ಕಳು ನಮ್ಮಂತೆ ಮಾತಿಗೆ ತಪ್ಪಬಾರದು. ಅದಕ್ಕಾಗಿ ಈ ಸಭೆಯ ಮುಂದೆ ಮೂರು ಸೂಚನೆಗಳನ್ನಿಡುತ್ತೇವೆ.

ಒಂದು: ಹುಡುಗಿಯ ಅಧಿವೇಶನ ಹೈದರಾಬಾದಿಗೆ ಬಂದರೆ, ನಮ್ಮ ಮನೆಗಳ ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ನಿಲ್ಲಲಿ. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷು ನಾಲ್ಕನ್ನೂ ಆಡುವ ಮಕ್ಕಳು ನಮ್ಮಲ್ಲಿದ್ದಾರೆ. ವಿಮಾನ ನಿಲ್ದಾಣದಲ್ಲಿ ಹೆಸರಿನ ಫಲಕ ಹಿಡಿದು ನಿಲ್ಲುವ ಕೆಲಸ ಅವರಿಗೆ ದೊಡ್ಡ ವಿದ್ಯಾಭ್ಯಾಸ. ಎರಡು: ನಮ್ಮ ಸಂಘ ಇನ್ನು ಮುಂದೆ ಯಾವ ಕೂಟವನ್ನೇ ಕರೆಯಲಿ, ಅಂದಾಜು ಖರ್ಚಿನ ಅರ್ಧ ಹಣ ಬ್ಯಾಂಕಿನಲ್ಲಿದ್ದು, ಉಳಿದರ್ಧಕ್ಕೆ ಹೊಣೆಗಾರರ ಸಹಿ ಬಿದ್ದ ಹೊರತು ಯಾರೂ ವೇದಿಕೆಯ ಮೇಲೆ ಬಾಯಿ ತೆರೆಯಕೂಡದು. ಮೂರು: ನಮ್ಮ ಭಾರವನ್ನು ಹೊತ್ತ ಆ ಸಣ್ಣ ಸಂಘಕ್ಕೆ ಇಂದೇ ಒಂದು ಪತ್ರ ಬರೆಯೋಣ. ಕ್ಷಮೆ ಕೇಳಿಯಾಗಿದೆ, ಈಗ ಲೆಕ್ಕ ತಿಳಿಸೋಣ. ಪೆಟ್ಟಿಗೆಯಲ್ಲಿ ಇಷ್ಟಿದೆ, ಇನ್ನಿಷ್ಟು ಕೂಡಬೇಕು, ಕೂಡಿದ ದಿನ ಮೊದಲ ಆಹ್ವಾನ ನಿಮಗೆ ಎಂದು.

ಅವರು ಬಂದ ದಿನ ನಾವು ಆ ಶಾಲನ್ನು ಕಪಾಟಿನಿಂದ ತೆಗೆಯುತ್ತೇವೆ.